ಮೂರನೇ ಮಹಡಿಯ ಸದ್ದು

ಜೂನ್ ೩, ಮಂಗಳವಾರ

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ನಾನು ದಿನಚರಿ ಬರೆಯುವ ಹೆಂಗಸಾಗಿಬಿಟ್ಟೆ! ಮೊದಲು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಎರಡು ಸಾಲಿಗೇ ಅದು ಶಾಲೆಯ ಪ್ರಬಂಧದ ಹಾಗೆ ಕಾಣಿಸಿತು. ಯಾರೋ ಬಂದು ಕೆಂಪು ಶಾಯಿಯಲ್ಲಿ ತಿದ್ದಿ ಹತ್ತಕ್ಕೆ ಏಳು ಕೊಡುತ್ತಾರೇನೋ ಅನ್ನಿಸಿ ಹರಿದು ಹಾಕಿದೆ. ಸಂತೋಷವನ್ನು ಕನ್ನಡದಲ್ಲೇ ಬರೆಯಬೇಕು, ಒತ್ತಕ್ಷರ ಕೈಕೊಟ್ಟರೂ ಪರವಾಗಿಲ್ಲ.

ಸಂತೋಷ ಅಂದರೆ ಹೀಗೆ: ಸಂಜೆ ಕ್ಲಿನಿಕ್ಕಿನಿಂದ ಬಂದು ಮೆಟ್ಟಿಲು ಹತ್ತುತ್ತೇನೆ. ಮೇಲೆ ನನ್ನ ಗಂಡ ಪಿಯಾನೋ ಮುಂದೆ ಕುಳಿತು ನನ್ನ ಹೆಜ್ಜೆಗಳನ್ನು ನುಡಿಸುತ್ತಿರುತ್ತಾನೆ. ನಾನು ಒಂದು ಮೆಟ್ಟಿಲು ಬಿಟ್ಟು ಹಾರಿದರೆ ಅವನ ಬೆರಳೂ ಹಾರುತ್ತದೆ. ಇವತ್ತು ಬೇಕೆಂದೇ ನಡುವೆ ನಿಂತುಬಿಟ್ಟೆ. ಸಂಗೀತವೂ ನಿಂತಿತು. ಕೆಳಗಿನ ಮನೆಯಿಂದ ಅತ್ತೆ, "ಏನಮ್ಮಾ, ಕಾಲು ಉಳುಕ್ತಾ?" ಅಂದರು. ನಕ್ಕೂ ನಕ್ಕೂ ಸಾಕಾಯಿತು.

ಅವನು ಸಂಗೀತ ಶಾಲೆಯಲ್ಲಿ ಹಾಡು ಕಲಿಯುವವರಿಗೆ ಪಿಯಾನೋ ನುಡಿಸುತ್ತಾನೆ. ಮಕ್ಕಳ ಬಾಯಲ್ಲಿ ಅವನು 'ತಾಳದ ಸರ್'. ನಾವು ಎರಡನೇ ಸಲ ಭೇಟಿಯಾದಾಗಲೇ ಹೇಳಿದ್ದ: "ನಾನು ಆಟಿಸ್ಟಿಕ್. ಕಾಯಿಲೆ ಅಲ್ಲ, ನನ್ನ ಮಿದುಳು ಇರೋದೇ ಹಾಗೆ. ಸದ್ದು ಜಾಸ್ತಿಯಾದ್ರೆ ಮಾತು ನಿಂತುಹೋಗುತ್ತೆ. ಆಮೇಲೆ ಬರುತ್ತೆ. ನಿನಗೆ ಇನ್ನೊಂದು ಕಾಫಿ ಬೇಕಾ?" ಎಲ್ಲವೂ ಒಂದೇ ಉಸಿರಿನಲ್ಲಿ. ನಾನು ಕಾಫಿ ಬೇಕು ಅಂದೆ. ನಮ್ಮ ನಿಶ್ಚಿತಾರ್ಥ ಆದದ್ದು ಆ ಕ್ಷಣದಲ್ಲೇ ಅಂತ ನನ್ನ ಲೆಕ್ಕ.

ಅವನ ಮಾತು ನಿಂತರೆ ನಿಲ್ಲಲಿ, ನಾನಿದ್ದೇನಲ್ಲ! ನನ್ನ ಮಾತಿಗೆ ಯಾವತ್ತೂ ಬರ ಬಂದದ್ದಿಲ್ಲ. ಅಂಗಡಿಯಲ್ಲಿ, ಫೋನಿನಲ್ಲಿ, ನೆಂಟರ ಮುಂದೆ ಈಗ ನಮ್ಮಿಬ್ಬರ ಪರವಾಗಿ ನಾನೇ. ಸರಿಯಾದ ಮುಚ್ಚಳಕ್ಕೆ ಸರಿಯಾದ ಡಬ್ಬಿ.

ಜೂನ್ ೧೨, ಗುರುವಾರ

ಸಂಗೀತ ಶಾಲೆಯನ್ನು ಹೊಸ ಕಟ್ಟಡಕ್ಕೆ ಸಾಗಿಸಿದ್ದಾರೆ. ಹಳೆಯದು ಪಕ್ಕದಲ್ಲೇ ಇದೆ, ಆದರೆ ಬರೀ ಉಗ್ರಾಣ. ಅಲ್ಲಿ ಇವನಿಗೊಂದು ದಪ್ಪ ಗೋಡೆಯ ಇಕ್ಕಟ್ಟಾದ ಕೋಣೆಯಿತ್ತು. ಈಗ ಮೂರನೇ ಮಹಡಿ, ಗಾಜಿನ ಗೋಡೆ, ಎಸಿ, ಹೊಳೆಯುವ ನೆಲ. "ಬಡ್ತಿ ಸಿಕ್ಕಿದ ಹಾಗೆ ಕಾಣ್ತೀಯ!" ಅಂತ ಬೆಳಿಗ್ಗೆ ರೇಗಿಸಿ ಕಳಿಸಿದ್ದೆ.

ಸಂಜೆ ಬಂದಾಗ ಅವನಲ್ಲಿ ಮಾತಿರಲಿಲ್ಲ. ಪಿಯಾನೋ ಮುಂದೆ ಕುಳಿತು ಪಕ್ಕಪಕ್ಕದ ಎರಡು ಕೀಗಳನ್ನು ಒಂದಾದ ಮೇಲೊಂದು ಒತ್ತುತ್ತಲೇ ಇದ್ದ. ಇದು, ಅದು. ಇದು, ಅದು. ಎರಡರ ನಡುವಿನ ಸಂದಿಯಲ್ಲಿ ಉಗುರು ತೂರಿಸಿ ಏನನ್ನೋ ಹುಡುಕಿದ. ಊಟ ತಣ್ಣಗಾಯಿತು. ನಾನು ಪಕ್ಕದಲ್ಲಿ ಕುಳಿತು ಅದೂ ಇದೂ ಮಾತಾಡಿದೆ, ಹಾಡಿದೆ, ತಮಾಷೆ ಮಾಡಿದೆ. ಕೊನೆಗೆ ಅವನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ. ನನ್ನಿಂದಲೋ ಏನೋ, ಗೊತ್ತಿಲ್ಲ.

ಜೂನ್ ೧೪, ಶನಿವಾರ

ಮಾತು ಬಂದಿದೆ! ಹೊಸ ಕೋಣೆಯ ಎಸಿ ಒಂದು ಸ್ವರ ಹಿಡಿದು ಗುನುಗುತ್ತದಂತೆ. ಆ ಸ್ವರ ಪಿಯಾನೋದಲ್ಲಿ ಇಲ್ಲವಂತೆ, ಎರಡು ಕೀಗಳ ನಡುವೆ ಎಲ್ಲೋ ಇದೆಯಂತೆ. "ನೀನು ಹಾಡೋವಾಗ ಪಕ್ಕದಲ್ಲೊಬ್ಬ ಕೂತು ಬಿಡದೆ ಅಪಶ್ರುತಿ ಎಳೀತಿದ್ರೆ ಏನ್ ಮಾಡ್ತೀಯ?" ಅಂದ.

"ಎದ್ದು ಬಾರಿಸ್ತೀನಿ."

"ಅದು ಗೋಡೆಯಲ್ಲಿದೆ," ಅಂದ. ಪಾಪ, ತಮಾಷೆಗೂ ಉತ್ತರ ಕೊಡುತ್ತಾನೆ.

ಇವತ್ತು ರಜೆಯಾದರೂ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ ಎಸಿ ಹಾಕಿದ. ಇಬ್ಬರೂ ನಿಂತು ಕೇಳಿದೆವು. ನಾನು ಕಣ್ಣು ಮುಚ್ಚಿದೆ, ಉಸಿರು ಹಿಡಿದೆ. ನನಗೆ ಕೇಳಿಸಿದ್ದು ಹೊರಗೆ ಹೋದ ಸ್ಕೂಟರು, ಅಷ್ಟೇ.

"ಕೇಳಿಸ್ತಾ?" ಅಂದ, ಮುಖ ಅರಳಿಸಿಕೊಂಡು.

"ಹೂಂ! ಎಷ್ಟು ಜೋರಾಗಿದೆ!" ಅಂದೆ.

"ಯಾವ ಕಡೆಯಿಂದ?"

ನಾನು ದೀಪದ ಕಡೆ ಬೆರಳು ತೋರಿಸಿದೆ. ಎಸಿಯ ಕಿಂಡಿ ನನ್ನ ಬೆನ್ನ ಹಿಂದೆ ಇತ್ತು. ಅವನು ನನ್ನ ಬೆರಳನ್ನೇ ನೋಡಿದ. "ಕೇಳಿಸದಿದ್ರೆ ಕೇಳಿಸ್ಲಿಲ್ಲ ಅನ್ನು," ಅಂದ. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕ್ಲಿನಿಕ್ಕಿನ ಅಭ್ಯಾಸ ನನ್ನದು. ಇಡೀ ದಿನ ಮುಂದಿನ ಮೇಜಿನಲ್ಲಿ ಕುಳಿತು ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ "ಏನೂ ಆಗಲ್ಲ, ನೋವೇ ಆಗಲ್ಲ" ಅನ್ನುವುದು ನನ್ನ ಕೆಲಸ. ಪ್ರೀತಿಯಿಂದ ಹೇಳಿದ ಸುಳ್ಳು ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ.

ಜೂನ್ ೨೧, ಶನಿವಾರ

ಪ್ರಿನ್ಸಿಪಾಲರನ್ನು ಅವನು ಮೂರು ಸಲ ಕೇಳಿದ್ದಾನೆ. ಒಂದೋ ತಾನು ನುಡಿಸುವಾಗ ಎಸಿ ಆರಿಸಬೇಕು, ಇಲ್ಲವೇ ಹಳೇ ಕಟ್ಟಡದ ಕೋಣೆಯನ್ನೇ ವಾಪಸ್ ಕೊಡಬೇಕು. ಅಲ್ಲಿ ಈಗ ಮುರಿದ ಕುರ್ಚಿಗಳಿವೆ. ಕುರ್ಚಿಗಳಿಗೇನು, ಎಲ್ಲಿಟ್ಟರೂ ನಡೆಯುತ್ತದೆ.

ಪ್ರಿನ್ಸಿಪಾಲರು ಅಂದರಂತೆ: "ನೋಡಿ, ನಿಮಗೊಬ್ಬರಿಗೆ ಮಾಡಿಕೊಟ್ರೆ ನಾಳೆ ಕೊಳಲಿನವರು ಕಿಟಕಿ ಕೇಳ್ತಾರೆ, ನಾಡಿದ್ದು ಗಿಟಾರಿನವರು ಸೋಫಾ ಕೇಳ್ತಾರೆ. ಎಲ್ಲರಿಗೂ ಒಂದೇ ನಿಯಮ. ವಾರ್ಷಿಕ ಕಾರ್ಯಕ್ರಮದವರೆಗೆ ಹೊಂದ್ಕೊಳ್ಳಿ. ಮುಂದಿನ ವರ್ಷಕ್ಕೆ ನಿಮ್ಮನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ಆಮೇಲೆ ನೋಡೋಣ."

ತಾಳದ ಸರ್ ನುಡಿಸುತ್ತಾ ನುಡಿಸುತ್ತಾ ನಡುವೆ ನಿಲ್ಲಿಸಿಬಿಡುತ್ತಾರೆ ಅಂತ ದೂರು ಬಂದಿದೆಯಂತೆ. ಬರದೆ ಇನ್ನೇನು? ಈ ಕೆಲಸ ಹೋದರೆ ಇವನಿಗೆ ಇನ್ನೊಂದು ಪಿಯಾನೋ ಕೆಲಸ ಸಿಗುವ ಶಾಲೆ ಈ ಊರಲ್ಲಿಲ್ಲ.

"ನಾನೊಂದ್ಸಲ ಹೋಗಿ ಮಾತಾಡ್ಲಾ?"

"ಬೇಡ."

"ನಯವಾಗಿ ಕಣೋ."

"ನಯವಾಗಿಯೂ ಬೇಡ. ನಾನು ಕೇಳಿದೀನಿ. ಅವರು ಇಲ್ಲ ಅಂದಿದಾರೆ. ಇನ್ನೊಂದು ಥರ ಕೇಳ್ತೀನಿ."

ಅದು ಯಾವ ಥರ ಅಂತ ಕೇಳಿದರೆ ಪಿಯಾನೋ ಕಡೆ ತಿರುಗಿಬಿಟ್ಟ.

ಜೂನ್ ೨೬, ಗುರುವಾರ

ಗೆದ್ದೆ! ಗೆದ್ದೆ! ಗೆದ್ದೆ!

ಮಧ್ಯಾಹ್ನದ ಬಿಡುವಿನಲ್ಲಿ ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ. ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲವಲ್ಲ. ಪ್ರಿನ್ಸಿಪಾಲರು ಒಳ್ಳೆಯವರೇ, ನೀರು ಕೊಟ್ಟರು, ಕುರ್ಚಿ ಕೊಟ್ಟರು. ನಾನು ಶುರು ಮಾಡುವಷ್ಟರಲ್ಲಿ ಕಣ್ಣಲ್ಲಿ ನೀರು ತಾನಾಗೇ ಬಂತು. "ಪಾಪ ಸರ್, ಹುಟ್ಟಿನಿಂದಲೇ ಹೀಗೆ. ತನಗೇನು ಬೇಕು ಅಂತ ಸರಿಯಾಗಿ ಹೇಳೋಕೂ ಬರಲ್ಲ ಪಾಪ. ನೀವೇ ತಂದೆ ಥರ ನೋಡ್ಕೋಬೇಕು," ಅಂದೆ. ಅದು ಅಷ್ಟೇನೂ ನಿಜವಲ್ಲ. ನೋವಾಗಲ್ಲ ಅನ್ನುವುದೂ ನಿಜವಲ್ಲ, ಆದರೆ ಹಲ್ಲು ಆಚೆ ಬರುತ್ತದಲ್ಲ!

ಅವರ ಮುಖ ಬೆಣ್ಣೆಯಂತೆ ಕರಗಿತು. "ಅಯ್ಯೋ, ಇದನ್ನ ಮೊದಲೇ ಹೇಳ್ಬಾರ್ದಾ ಅಮ್ಮಾ! ನಾನೇನು ಕಲ್ಲಾ?" ಅಂದವರೇ ಕುರ್ಚಿ ಸಾಗಿಸಲು ಆಳುಗಳಿಗೆ ಫೋನ್ ಮಾಡಿದರು. ಮೂರು ಸಲ ಅವನು ಕೇಳಿ ಆಗದ್ದು ನಾನು ಒಂದು ಸಲ ಅತ್ತರೆ ಆಯಿತು. ವಾರ್ಷಿಕ ಕಾರ್ಯಕ್ರಮದಲ್ಲಿ ಅವನಿಗೊಂದು ವಿಶೇಷ ಅವಕಾಶವೂ ಉಂಟಂತೆ. ಎಲ್ಲಕ್ಕಿಂತ ಕೊನೆಗೆ, ಒಬ್ಬನೇ, ತನಗಿಷ್ಟವಾದದ್ದು ನುಡಿಸಬಹುದಂತೆ!

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನ್ನ ಮಗಳು ಮಾತಲ್ಲೇ ಮನೆ ಕಟ್ಟೋಳು," ಅಂದಳು.

ಜೂನ್ ೨೭, ಶುಕ್ರವಾರ

"ಪ್ರಿನ್ಸಿಪಾಲರು ನನ್ನ ಭುಜ ತಟ್ಟಿದ್ರು," ಅಂದ, ಚಪ್ಪಲಿ ಬಿಡುವ ಮೊದಲೇ. "ನಿನ್ನೆವರೆಗೆ 'ನೀವು' ಅಂತಿದ್ರು. ಇವತ್ತು 'ಬಾ ಮರಿ' ಅಂದ್ರು. ನೀನು ಹೋಗಿ ಅವರಿಗೆ ಏನು ಹೇಳಿದೆ?"

ಏನೋ ಸುಮ್ಮನೆ ಅಂದೆ.

"ಹೇಗೆ ಹೇಳಿದ್ಯೋ ಹಾಗೇ ಹೇಳು."

ಹೇಳಿದೆ. ಅವೇ ಮಾತುಗಳು. ಅಲ್ಲಿ ಎಷ್ಟು ಚೆನ್ನಾಗಿ ಬಂದಿದ್ದವು. ಇಲ್ಲಿ, ಅವನ ಎದುರು, 'ಹೇಳೋಕೂ ಬರಲ್ಲ' ಅನ್ನುವಲ್ಲಿ ನನ್ನ ದನಿ ಬಿದ್ದುಹೋಯಿತು.

"ಆ ಕೋಣೆ ನನಗೆ ಬೇಡ."

"ಕೇಳಿದ್ದು ನೀನೇ ಅಲ್ವೇನೋ!"

"ನಾನು ಕೇಳಿದ್ದಕ್ಕೆ ಕೊಟ್ಟಿದ್ದಲ್ಲ."

ಅಷ್ಟೇ. ಆಮೇಲೆ ಮಾತು ನಿಂತಿತು.

ಜುಲೈ ೧, ಮಂಗಳವಾರ

ಅವನು ಮೂರನೇ ಮಹಡಿಗೇ ಹೋಗುತ್ತಿದ್ದಾನೆ. ಹಳೇ ಕಟ್ಟಡದ ಕೋಣೆ ಗುಡಿಸಿ, ಒರೆಸಿ, ಖಾಲಿ ಇದೆ.

ಸಂಜೆ ಮೆಟ್ಟಿಲು ಹತ್ತಿದೆ. ಪಿಯಾನೋ ಮುಚ್ಚಿತ್ತು. ಕೆಳಗಿಳಿದು ಇನ್ನೊಂದು ಸಲ ಹತ್ತಿದೆ, ಸ್ವಲ್ಪ ಜೋರಾಗಿ.

ಜುಲೈ ೩, ಗುರುವಾರ

ಅತ್ತೆಯ ಹತ್ತಿರ ಹೋಗಿ ಅತ್ತುಬಿಟ್ಟೆ. ಅವರು ಬಟ್ಟೆ ಮಡಿಸುತ್ತಿದ್ದರು. ನನಗೂ ನಾಲ್ಕು ಕೊಟ್ಟರು.

"ನೀನು ಮಾಡಿದ್ದು ಸರಿಯಾಗೇ ಇದೆ ಬಿಡಮ್ಮ. ಪಾಪ ಅಂದ್ರೆ ಏನು ಗಂಟು ಹೋಯ್ತು? ಚಿಕ್ಕಂದಿನಿಂದ ನಾನು ಹಾಗೇ ಅಲ್ವಾ ಕೆಲಸ ಮಾಡಿಸ್ಕೊಂಡಿದ್ದು? ಶಾಲೇಲಿ ಸೀಟು, ಬಸ್ಸಲ್ಲಿ ಸೀಟು, ಎಲ್ಲಾ ಪಾಪದಿಂದ್ಲೇ ಸಿಕ್ಕಿದ್ದು."

"ಆಗ ಅವನೇನಂತಿದ್ದ ಅತ್ತೆ?"

"ಏನಂತಾನೆ? ಬಸ್ಸಲ್ಲಿ ನಿಂತ್ಕೊಂಡೇ ಬರೋನು." ಒಂದು ಟವೆಲನ್ನು ಜಾಡಿಸಿ ನಾಲ್ಕಾಗಿ ಮಡಿಸಿದರು. "ಕೊಟ್ಟ ಸೀಟು ಸುಮ್ನೆ ಯಾಕೆ ಬಿಡೋದು ಅಂತ ನಾನು ಕೂತ್ಕೊಳ್ತಿದ್ದೆ."

ನನಗೆ ನಗು ಬರಬೇಕಿತ್ತು. ಟವೆಲುಗಳನ್ನೆಲ್ಲ ಮಡಿಸಿ ಮುಗಿಸಿ ಮೇಲೆ ಬಂದೆ.

ಜುಲೈ ೬, ಭಾನುವಾರ

ಅವನ ಭಾನುವಾರದ ತಂಡದ ಅಭ್ಯಾಸ ನೋಡಲು ಮೊದಲ ಸಲ ಹೋದೆ. ಅವನು ಕರೆಯಲಿಲ್ಲ, ನಾನೇ ಹಿಂದೆ ಹಿಂದೆ ಹೋದೆ.

ಅವರು ಮೂವರು, ಮೂವರೂ ಆಟಿಸ್ಟಿಕ್. ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಕತ್ತರಿಸುವ ಡ್ರಮ್ ಅಕ್ಕ, ಅಂಚೆ ವಿಂಗಡಿಸುವ ನರೆಗೂದಲಿನ ಪಿಟೀಲಿನವರು, ಮತ್ತು ಇವನು. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಅದರ ಹಿಂದಿನ ದಾಸ್ತಾನು ಕೋಣೆಯಲ್ಲಿ ಸೇರುತ್ತಾರೆ. ಸುತ್ತ ನೆಲದಿಂದ ಸೂರಿನವರೆಗೆ ಬಟ್ಟೆಯ ಥಾನುಗಳು. ಬಟ್ಟೆ ಸದ್ದನ್ನು ಕುಡಿದುಬಿಡುತ್ತದೆ. ಒಂದು ಸ್ವರ ಹುಟ್ಟಿದರೆ ಅದರ ಬಾಲ ಎಲ್ಲೂ ತಗಲುವುದಿಲ್ಲ. ನನ್ನ ಮಾತೂ ಬಾಯಿಂದ ಹೊರಬಿದ್ದ ತಕ್ಷಣ ಸತ್ತುಹೋಗುತ್ತಿತ್ತು.

ಪಿಟೀಲಿನವರು ಯಾರ ಜೊತೆಗೂ ಮಾತಾಡುವುದಿಲ್ಲ. ಡ್ರಮ್ ಅಕ್ಕ ಮೂವರ ಪಾಲಿನದನ್ನೂ ಆಡುತ್ತಾಳೆ. ನನ್ನನ್ನು ಕಂಡೊಡನೆ, "ಓ, ನೀನೇನಾ ಅವನ ಲೌಡ್‌ಸ್ಪೀಕರು?" ಅಂದಳು.

"ಅಕ್ಕಾ, ನಾನು ಅವನ ಒಳ್ಳೇದಕ್ಕೇ..."

"ಒಳ್ಳೇದಕ್ಕೇ ಎಲ್ಲರೂ. ನನ್ನ ಒಳ್ಳೇದಕ್ಕೆ ನಮ್ಮಪ್ಪ ನನ್ನ ಡ್ರಮ್ಮು ಮಾರಿದ್ದ. ಅವನಿಗೆ ಬಾಯಿದೆ, ಹತ್ತು ಬೆರಳಿದೆ. ಅಷ್ಟರಲ್ಲಿ ಒಂದಾದ್ರೂ ಕೆಲಸ ಮಾಡುತ್ತೆ. ನಿನಗೆ ಕಾಯೋಕಾಗಲ್ಲ, ಅದು ನಿನ್ನ ಕಾಯಿಲೆ."

"ಕೆಲಸ ಹೋದ್ರೆ?"

"ಹೋಗುತ್ತೆ." ಡ್ರಮ್ಮಿನ ಚರ್ಮವನ್ನು ಬೆರಳಿಂದ ತಟ್ಟಿ ನೋಡಿದಳು. "ನನ್ನದು ಎರಡ್ಸಲ ಹೋಗಿದೆ."

ಕಾರ್ಯಕ್ರಮದಲ್ಲಿ ನುಡಿಸಲು ಅವನು ಒಪ್ಪಿದ್ದಾನೆ, ಆದರೆ ಒಬ್ಬನೇ ಅಲ್ಲ, ಮೂವರೂ. ಏನು ಅಂತ ಹೇಳಲಿಲ್ಲ. ನನ್ನನ್ನು ಹೊರಗೆ ಕಳಿಸಿದರು. ಮುಚ್ಚಿದ ಬಾಗಿಲಿನ ಮುಂದೆ ನಿಂತೆ. ಬಟ್ಟೆಗಳು ಎಲ್ಲವನ್ನೂ ಕುಡಿದವು, ಒಂದು ಹನಿಯೂ ಆಚೆ ಬರಲಿಲ್ಲ.

ಜುಲೈ ೧೫, ಮಂಗಳವಾರ

ಕ್ಲಿನಿಕ್ಕಿಗೆ ಒಬ್ಬರು ಅಜ್ಜಿ ಬಂದಿದ್ದರು, ಕೆನ್ನೆ ಊದಿಸಿಕೊಂಡು. "ನೋಯುತ್ತೇನಮ್ಮಾ?" ಅಂದರು. "ನೋಯಬಹುದು ಅಜ್ಜಿ," ಅಂದೆ. ಡಾಕ್ಟರು ಒಳಗಿಂದ ಕತ್ತು ಹೊರಳಿಸಿ ನೋಡಿದರು. ಯಾಕೆ ಹಾಗಂದೆನೋ. ನಿದ್ದೆ ಸರಿಯಿಲ್ಲ.

ಜುಲೈ ೨೬, ಶನಿವಾರ

ಎಲ್ಲವನ್ನೂ ಬರೆಯಬೇಕು, ಇಲ್ಲದಿದ್ದರೆ ನಾಳೆ ನನಗೆ ಬೇಕಾದ ಹಾಗೆ ನೆನಪಾಗಿಬಿಡುತ್ತದೆ.

ಸಭಾಂಗಣ ತುಂಬಿತ್ತು. ನನಗೆ ಅತ್ತೆಯ ಪಕ್ಕದ ಜಾಗ. ಕೊನೆಯ ಸರದಿ ಬಂದಾಗ ಪ್ರಿನ್ಸಿಪಾಲರೇ ಮೈಕಿನ ಮುಂದೆ ಬಂದರು. "ಈಗ ನುಡಿಸೋ ಈ ಹುಡುಗ, ಪಾಪ, ಹುಟ್ಟಿನಿಂದಲೇ ಹೀಗೆ. ತನಗೇನು ಬೇಕು ಅಂತ ಹೇಳೋಕೂ ಬರಲ್ಲ. ನಮ್ಮ ಸಂಸ್ಥೆ ತಂದೆಯ ಹಾಗೆ..." ನನ್ನ ಮಾತುಗಳೇ. ಒಂದೂ ಬಿಟ್ಟಿರಲಿಲ್ಲ. ಸುತ್ತಲಿನವರು "ತ್ಚು ತ್ಚು" ಅಂದರು. ಅತ್ತೆ ನನ್ನ ಕೈ ಹಿಡಿದುಕೊಂಡರು, ಹೆಮ್ಮೆಯಿಂದ. ಕೈ ಬಿಡಿಸಿಕೊಳ್ಳಲಾಗಲಿಲ್ಲ.

ಮೂವರೂ ಬಂದು ಕುಳಿತರು. ಪಿಟೀಲಿನವರು ತಂತಿಯನ್ನು ಸ್ವಲ್ಪ ಸಡಿಲಿಸಿ ಒಂದೇ ಸ್ವರ ಎಳೆಯಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ಅದರ ಮೇಲೆ ಇವನು ಶಾಲೆಯ ಪ್ರಾರ್ಥನೆ ಗೀತೆ ನುಡಿಸಿದ. ಪ್ರತಿ ಬೆಳಿಗ್ಗೆ ಮಕ್ಕಳು ಹಾಡುವುದು, ಅಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಆ ಎಳೆತದ ಜೊತೆ ಸೇರಿ ಪ್ರತಿ ಸ್ವರವೂ ಹುಳಿಯಾಗುತ್ತಿತ್ತು. ಡ್ರಮ್ ಅಕ್ಕ ಡ್ರಮ್ಮಿನ ಮೇಲೆ ಬ್ರಷ್ಷಿನಿಂದ ಸರಸರ ಗೀಚುತ್ತಿದ್ದಳು, ಗಾಳಿ ಬೀಸುವ ಕಿಂಡಿಯ ಹಾಗೆ. ಜನ ಮೊದಲು ಮುಗುಳ್ನಕ್ಕರು. ಆಮೇಲೆ ಕುರ್ಚಿಯಲ್ಲಿ ಅತ್ತಿತ್ತ ಸರಿದರು. ಹಿಂದಿನ ಸಾಲಿನಲ್ಲೊಬ್ಬರು, "ಪಿಟೀಲು ಶ್ರುತಿ ಮಾಡ್ಕೊಳ್ರಪ್ಪಾ!" ಅಂತ ಕೂಗಿದರು. ನನ್ನ ಹಲ್ಲುಗಳ ಬೇರೆಲ್ಲ ಜುಮ್ಮೆನ್ನುತ್ತಿತ್ತು. ಎದ್ದು ಓಡಬೇಕು ಅನ್ನಿಸಿತು.

ಇದ್ದಕ್ಕಿದ್ದಂತೆ ಪಿಟೀಲೂ ಬ್ರಷ್ಷೂ ನಿಂತವು. ಪಿಯಾನೋ ಒಂದೇ ಉಳಿಯಿತು. ಅದೇ ಗೀತೆ, ತೊಳೆದಿಟ್ಟ ಹಾಗೆ. ಇಡೀ ಸಭಾಂಗಣ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮಕ್ಕಳು ಮೆಲ್ಲಗೆ ಹಾಡತೊಡಗಿದರು. ಒಂದು ಚರಣ, ಅಷ್ಟೇ. ಮತ್ತೆ ಆ ಎಳೆತ ಶುರುವಾಯಿತು. ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಮಕ್ಕಳೂ ಬಾಯಿ ಮುಚ್ಚಿದರು.

ಅವನು ಎದ್ದು ಮೈಕಿಗೆ ಬಂದ. "ಈ ಸದ್ದು ಮೂರನೇ ಮಹಡಿಯದು," ಅಂದ. "ನಾನು ದಿನಾ ಇದರೊಳಗೆ ನುಡಿಸ್ತೀನಿ. ಆರಿಸಿ ಅಂತ ಮೂರು ಸಲ ಕೇಳಿದೆ. ನನಗೆ ಹೇಳೋಕೆ ಬರುತ್ತೆ."

ಆಗ ಚಪ್ಪಾಳೆ ಬಿತ್ತು, ಜೋರಾಗಿ, ಮೇಲಿಂದ ಮೇಲೆ. ಅವನು ಕುಗ್ಗಿಹೋದ. ನನ್ನ ಮುಂದಿನ ಹೆಂಗಸು ಕಣ್ಣೊರೆಸಿಕೊಂಡು, "ಪಾಪ, ಎಷ್ಟು ಧೈರ್ಯ ನೋಡು," ಅಂದಳು. ಚಪ್ಪಾಳೆ ನಿಲ್ಲಿಸಿ ಅಂತ ನಾನು ಯಾರಿಗೆ ಹೇಳಲಿ? ನನ್ನ ಕೈಗಳನ್ನು ಮಾತ್ರ ಮಡಿಲಲ್ಲಿಟ್ಟುಕೊಂಡಿದ್ದೆ.

ಜನ ಖಾಲಿಯಾದ ಮೇಲೆ ವೇದಿಕೆಯ ಪಕ್ಕಕ್ಕೆ ಹೋದೆ. ಅವನು ಪರದೆಯ ಅಂಚನ್ನು ಬೆರಳುಗಳಲ್ಲಿ ಉಜ್ಜುತ್ತ ನಿಂತಿದ್ದ. ಮಾತು ಹೋಗಿದೆ ಅಂತ ಅವನ ಕುತ್ತಿಗೆ ನೋಡಿದರೇ ಗೊತ್ತಾಗುತ್ತಿತ್ತು. ಪ್ರಿನ್ಸಿಪಾಲರು ಬಂದು ನನ್ನ ಎದುರು ನಿಂತರು.

"ಅಮ್ಮಾ, ನೀವು ತಿಳಿದವರು. ಅತಿಥಿಗಳ ಮುಂದೆ ನಮ್ಮ ಮಾನ ಹರಾಜಾಯ್ತು. ಆದ್ರೂ ನಾನು ಮನುಷ್ಯ. ಅವನೊಂದು 'ಸಾರಿ' ಹೇಳ್ಲಿ, ಮುಗೀತು. ಅವನಿಗಾಗದಿದ್ರೆ ಅವನ ಪರವಾಗಿ ನೀವೇ ಹೇಳಿ, ನಾನು ಒಪ್ಕೋತೀನಿ. ಹಳೇ ಕೋಣೇನೂ ಇರ್ಲಿ, ಕೆಲಸಾನೂ ಇರ್ಲಿ."

ಎರಡಕ್ಷರದ ಮಾತು. ನಾಲಿಗೆಯ ತುದಿಯಲ್ಲೇ ಇತ್ತು. ಅದರ ಹಿಂದೆ ಕಣ್ಣೀರೂ ಸಿದ್ಧವಾಗಿತ್ತು. ನಾನು ಅವನ ಕಡೆ ನೋಡಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಅವರು ಇಲ್ಲೇ ಇದ್ದಾರೆ ಸರ್," ಅಂದೆ. "ಅವರನ್ನೇ ಕೇಳಿ."

ಪ್ರಿನ್ಸಿಪಾಲರು ತಿರುಗಿ, "ಏನಪ್ಪಾ?" ಅಂದರು. ಅವನ ತುಟಿ ಅಲುಗಿತು, ಏನೂ ಬರಲಿಲ್ಲ. ಬರುತ್ತದೆ ಅಂತ ನನಗೆ ಗೊತ್ತು. ಒಂದು ಗಂಟೆಗೆ, ಇಲ್ಲ ನಾಳೆ ಬೆಳಿಗ್ಗೆಗೆ. 'ಸ್ವಲ್ಪ ಕಾಯಿರಿ ಸರ್' ಅನ್ನಬಹುದಿತ್ತು. ಹಾಗಂದರೆ ಅದೂ ಅವನ ಪರವಾಗಿ ಮಾತಾಡಿದ ಹಾಗೆಯೇ? ನಾನು ಅದನ್ನೇ ಯೋಚಿಸುತ್ತ ನಿಂತಿದ್ದೆ. ನಿಂತೇ ಇದ್ದೆ.

"ಸೋಮವಾರದಿಂದ ಬರೋದು ಬೇಡ ಅಂತ ಹೇಳ್ಬಿಡಿ ಇವನಿಗೆ," ಅಂತ ನನಗೇ ಹೇಳಿ ಅವರು ಹೊರಟುಹೋದರು.

ಆಮೇಲೆ ಅವನು ವೇದಿಕೆಗೆ ವಾಪಸ್ ಹೋಗಿ ಪಿಯಾನೋ ತೆರೆದ. ಇಬ್ಬರು ಆಳುಗಳು ಕುರ್ಚಿ ಮಡಿಸುತ್ತಿದ್ದರು, ಅವರೂ ನಿಂತು ಕೇಳಿದರು. ಬಹಳ ಹೊತ್ತು ನುಡಿಸಿದ. ಕೇಳಿದ್ದಕ್ಕೆ ಅದೇ ಉತ್ತರ ಇರಬಹುದು. ಪ್ರಿನ್ಸಿಪಾಲರ ಕಾರು ಆಗಲೇ ಗೇಟು ದಾಟಿತ್ತು.

ಜುಲೈ ೨೭, ಭಾನುವಾರ

ಬೆಳಿಗ್ಗೆ ಅಮ್ಮನ ಫೋನು. ಅತ್ತೆ ಎಲ್ಲ ಹೇಳಿದ್ದಾರೆ.

"ಒಂದು 'ಸಾರಿ' ಅನ್ನೋಕೆ ನಿನಗೇನಾಗಿತ್ತೇ? ಹುಟ್ಟಿದಾಗಿನಿಂದ ಬಾಯಿ ಮುಚ್ಚಿದೋಳಲ್ಲ, ನಿನ್ನೆಯೇ ಬೀಗ ಬಿತ್ತಾ? ಚಿನ್ನದಂಥ ಕೆಲಸ! ಇನ್ನೀಗ ಅಳಿಯಂದ್ರು ಏನ್ ಮಾಡ್ಬೇಕು ಅಂತಿದಾರೆ?"

"ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂದ್ರೆ? ನೀನು ಹೆಂಡತಿ ಅಲ್ವಾ?"

ಅವನು ಮೇಜಿನ ಹತ್ತಿರ ಕುಳಿತಿದ್ದ. ಫೋನನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಕಿವಿಗಿಟ್ಟುಕೊಂಡ. ಅಮ್ಮ ಆ ಕಡೆಯಿಂದ "ಹಲೋ? ಹಲೋ?" ಅನ್ನುತ್ತಲೇ ಇದ್ದಳು, ನನಗೂ ಕೇಳುವಷ್ಟು ಜೋರಾಗಿ. ನಾನು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಕುಳಿತೆ.